ಎದುರು ಮನೆಯ ಪ್ರೊಫೆಸರರು

ಜೆರುಸಲೇಮಿನ ದಕ್ಷಿಣಕ್ಕೆ ತಲ್ಪಿಯೋತ್ ಎಂಬ ಬಡಾವಣೆಯಿದೆ. ಅಲ್ಲೊಂದು ಬೀದಿಯ 16ನೇ ನಂಬರಿನ ಮನೆ ಈಗ ಸ್ಮಾರಕ. ಹೀಬ್ರೂ ಭಾಷೆಗೆ ಇದುವರೆಗೆ ಬಂದಿರುವ ಒಂದೇ ಒಂದು ಸಾಹಿತ್ಯದ ನೊಬೆಲನ್ನು, ಅದನ್ನೂ 1966ರಲ್ಲಿ ನೆಲ್ಲಿ ಸಾಕ್ಸ್ ಜೊತೆ ಹಂಚಿಕೊಂಡು, ತಂದುಕೊಟ್ಟ ಎಸ್. ವೈ. ಅಗ್ನಾನ್ ಬಾಳಿ ಬರೆದ ಮನೆ ಅದು. ಅವರು ಬದುಕಿದ್ದಾಗಲೇ ನಗರಸಭೆಯವರು ‘ಸದ್ದು ಮಾಡಬೇಡಿ, ಲೇಖಕರು ಬರೆಯುತ್ತಿದ್ದಾರೆ’ ಎಂಬರ್ಥದ ಫಲಕವೊಂದನ್ನು ಬೀದಿಯಲ್ಲಿ ನೆಡಿಸಿದ್ದರಂತೆ. ಲೇಖಕನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಏನು ಬೇಕು, ಹೇಳಿ? ಆದರೆ ಅದೇ ಬೀದಿಗೆ ಇನ್ನೊಂದು ಫಲಕವೂ ಉಂಟು, ಬೀದಿಯ ಹೆಸರಿನದು. ಅದರ ಮೇಲಿರುವುದು ಅಗ್ನಾನರ ಹೆಸರಲ್ಲ. ಎದುರು ಮನೆಯಲ್ಲಿದ್ದ ಪ್ರೊಫೆಸರ್ ಯೋಸೆಫ್ ಕ್ಲೌಸ್ನರ್ ಅವರ ಹೆಸರು.

ಈ ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ. ಪ್ರೊಫೆಸರರಿಗೆ ಅಗ್ನಾನರ ಕಥೆಗಳು ಹಳೆಯ ಗಲ್ಲಿಯ ವಾಸನೆ ಹೊಡೆಯುತ್ತವೆ ಎಂಬ ಅಸಮಾಧಾನ. ಅಗ್ನಾನರಿಗೆ ಪ್ರೊಫೆಸರರ ಬರಹ ಬರೀ ಭಾಷಣ ಎಂಬ ತಾತ್ಸಾರ. ದಾರಿಯಲ್ಲಿ ಎದುರಾದರೆ ಟೋಪಿ ಎತ್ತಿ ವಂದಿಸುತ್ತಿದ್ದರು, ಮನಸ್ಸಿನಲ್ಲಿ ಏನೆನ್ನುತ್ತಿದ್ದರೋ. ಇದನ್ನೆಲ್ಲ ನಮಗೆ ಹೇಳಿದವರು ಕಾದಂಬರಿಕಾರ ಅಮೋಸ್ ಓಜ್. ಕ್ಲೌಸ್ನರ್ ಈ ಓಜ್ ಅವರ ಅಜ್ಜನ ಅಣ್ಣ. ಹುಡುಗನಾಗಿದ್ದಾಗ ಓಜ್ ಅಪ್ಪ ಅಮ್ಮನ ಜೊತೆ ಶನಿವಾರದ ಮಧ್ಯಾಹ್ನ ಈ ದೊಡ್ಡಜ್ಜನ ಮನೆಗೆ ಹೋಗುತ್ತಿದ್ದರು, ಒಮ್ಮೊಮ್ಮೆ ಹಾಗೇ ಎದುರು ಮನೆಯ ಅಗ್ನಾನರನ್ನೂ ಕಂಡುಬರುತ್ತಿದ್ದರು. 2002ರಲ್ಲಿ ಬಂದ ಅವರ ಆತ್ಮಕಥನದಲ್ಲಿ ಈ ಪುಟಗಳೇ ನನಗೆ ಅತ್ಯಂತ ಇಷ್ಟ. 1958ರಲ್ಲಿ ಕ್ಲೌಸ್ನರ್ ತೀರಿಕೊಂಡರು, ಬೀದಿಗೆ ಅವರ ಹೆಸರಿಟ್ಟರು. ಅಗ್ನಾನ್ ಕಾಲವಾದದ್ದು 1970ರಲ್ಲಿ. ಅಷ್ಟೂ ವರ್ಷ ಅವರಿಗೆ ಬಂದ ಕಾಗದಪತ್ರಗಳ ಮೇಲೆ, ಸ್ಟಾಕ್‌ಹೋಮಿನಿಂದ ಬಂದದ್ದೂ ಸೇರಿ, ವಿಳಾಸದ ಸಾಲಿನಲ್ಲಿ ಎದುರು ಮನೆಯವರು ಕುಳಿತಿದ್ದಿರಬೇಕು. ಬದುಕಿದ್ದಾಗ ಗೆಲ್ಲಲಾಗದ ಜಗಳವನ್ನು ವಿಮರ್ಶಕರೊಬ್ಬರು ಸತ್ತ ಮೇಲೆ ಗೆದ್ದ ಪ್ರಸಂಗ ಸಾಹಿತ್ಯ ಚರಿತ್ರೆಯಲ್ಲಿ ಬೇರೆ ಇದೆಯೋ ಇಲ್ಲವೋ.

ಈ ಕ್ಲೌಸ್ನರ್ ಸಾಮಾನ್ಯರಲ್ಲ. ಹೀಬ್ರೂ ವಿಶ್ವವಿದ್ಯಾಲಯ 1925ರ ಏಪ್ರಿಲ್‌ನಲ್ಲಿ ಸ್ಕೋಪಸ್ ಗುಡ್ಡದ ಮೇಲೆ ಬಾಗಿಲು ತೆರೆದಾಗ ಆಧುನಿಕ ಹೀಬ್ರೂ ಸಾಹಿತ್ಯದ ಪೀಠಕ್ಕೆ ಕುಳಿತ ಮೊದಲಿಗರು. ಹಾಗೆಂದು ಅವರಿಗೆ ಅದು ಬೇಕಾಗಿತ್ತು ಅಂದುಕೊಳ್ಳಬೇಡಿ. ಅವರ ಕಣ್ಣಿದ್ದದ್ದು ಜೆರುಸಲೇಮಿನ ಎರಡನೇ ದೇವಾಲಯದ ಕಾಲದ ಇತಿಹಾಸದ ಮೇಲೆ. ಏಸುವಿನ ಬಗ್ಗೆ ಹೀಬ್ರೂವಿನಲ್ಲಿ ದಪ್ಪನೆಯ ಪುಸ್ತಕ ಬರೆದು ಎರಡೂ ಧರ್ಮದವರಿಂದ ಬೈಸಿಕೊಂಡಿದ್ದರು. ಇಂಥವರ ಕೈಗೆ ಇತಿಹಾಸ ಕೊಟ್ಟರೆ ಕಷ್ಟ, ಸಾಹಿತ್ಯವಾದರೆ ಅಪಾಯವಿಲ್ಲ ಎಂದು ಹಿರಿಯರಿಗೆ ಅನ್ನಿಸಿರಬೇಕು. ವಿಶ್ವವಿದ್ಯಾಲಯಗಳು ಎಲ್ಲ ಕಡೆಯೂ ಒಂದೇ ನೋಡಿ. ಬೇಕೆಂದ ವಿಷಯ ಕೊಡುವುದಿಲ್ಲ, ಕೊಟ್ಟ ವಿಷಯದಲ್ಲಿ ಮನುಷ್ಯ ಆರು ಸಂಪುಟ ಬರೆದುಬಿಡುತ್ತಾನೆ. ಕ್ಲೌಸ್ನರರ ಸಾಹಿತ್ಯ ಚರಿತ್ರೆ ನಿಜಕ್ಕೂ ಆರು ಸಂಪುಟ. ಆರು ಮುಗಿದರೂ 19ನೇ ಶತಮಾನ ದಾಟುವುದಿಲ್ಲ, ಎದುರು ಮನೆಯವರ ಸರದಿ ಬರುವುದೇ ಇಲ್ಲ.

ಅಗ್ನಾನ್ ಸುಮ್ಮನಿರುವ ಪೈಕಿ ಆಗಿರಲಿಲ್ಲ. ಅವರು ಸತ್ತ ಮರುವರ್ಷ, 1971ರಲ್ಲಿ, ಮಗಳು ಪ್ರಕಟಿಸಿದ ‘ಶಿರಾ’ ಕಾದಂಬರಿ ಇರುವುದೇ ಆ ವಿಶ್ವವಿದ್ಯಾಲಯದ ಮೇಷ್ಟರುಗಳ ಬಗ್ಗೆ. ಮನ್‌ಫ್ರೆಡ್ ಹೆರ್ಬ್‌ಸ್ಟ್ ಎಂಬ ಬೈಜಾಂಟಿಯಮ್ ಚರಿತ್ರೆಯ ಅಧ್ಯಾಪಕ, ಬಡ್ತಿಯ ಆಸೆ, ಟಿಪ್ಪಣಿ ಚೀಟಿಗಳಿಂದ ತುಂಬಿದ ಡಬ್ಬಿಗಳು. ಹೆಂಡತಿ ಹೆರಿಗೆಗೆ ಆಸ್ಪತ್ರೆ ಸೇರಿದ ದಿನವೇ ಈತ ಅಲ್ಲಿನ ನರ್ಸ್ ಶಿರಾಳ ಮೋಹಕ್ಕೆ ಬೀಳುತ್ತಾನೆ. ಪುಸ್ತಕ ಬರೆಯಬೇಕಾದವನು ಚೀಟಿಗಳನ್ನು ಈ ಡಬ್ಬಿಯಿಂದ ಆ ಡಬ್ಬಿಗೆ ಹಾಕುತ್ತ ಕೂರುತ್ತಾನೆ. ಸಂಶೋಧನೆ ಮಾಡಿದವರಿಗೆಲ್ಲ ಈ ಚಿತ್ರ ನೋಡಿ ಸ್ವಲ್ಪ ಮೈ ಉರಿಯುತ್ತದೆ, ಏಕೆಂದರೆ ಇದು ನಿಜ. ಅದೇ ಕಾದಂಬರಿಯಲ್ಲಿ ಬಖ್‌ಲಾಮ್ ಎಂಬ ಇನ್ನೊಬ್ಬ ಪ್ರೊಫೆಸರ್ ಬರುತ್ತಾರೆ, ಬಾಯಿ ತೆರೆದರೆ ರಾಷ್ಟ್ರಕ್ಕಿಂತ ಕಡಿಮೆ ಮಾತಿಲ್ಲ. ಅವರು ಯಾರೆಂದು ಜೆರುಸಲೇಮಿನಲ್ಲಿ ಯಾರೂ ಕೇಳುವ ಅಗತ್ಯವಿರಲಿಲ್ಲ. ಬೀದಿಯ ಆಚೆ ಬದಿಗೆ ಬೆರಳು ತೋರಿಸಿದರೆ ಮುಗಿಯಿತು. ಅಗ್ನಾನರ ‘ಇದೋ ಮತ್ತು ಎನಾಮ್’ ಕಥೆಯಲ್ಲೂ ಒಬ್ಬ ವಿದ್ವಾಂಸ. ಯಾರಿಗೂ ಗೊತ್ತಿಲ್ಲದ ಭಾಷೆಯೊಂದರ 99 ಪದ ಹುಡುಕಿ ಪ್ರಕಟಿಸಿ ಜಗತ್ಪ್ರಸಿದ್ಧನಾದವನು. ಅವನಿಗೆ ಆ ಭಾಷೆಯನ್ನು ಹಾಡಿ ತೋರಿಸಿದ ಹೆಣ್ಣು ರಾತ್ರಿ ನಿದ್ದೆಗಣ್ಣಿನಲ್ಲಿ ನಡೆಯುತ್ತಾಳೆ, ಕೊನೆಗೆ ಮಾಡಿನಿಂದ ಬಿದ್ದು ಸಾಯುತ್ತಾಳೆ, ಅವಳ ಜೊತೆಗೆ ಅವನೂ. ಅವನ ಪುಸ್ತಕಗಳಿಗೆ ಮಾತ್ರ ದಿನೇದಿನೇ ಬೇಡಿಕೆ ಏರುತ್ತದೆ. ಓದುಗರು ಈ ವಿದ್ವಾಂಸ ಗೆರ್ಶೋಮ್ ಶೋಲೆಮ್ ಇರಬಹುದೇ ಎಂದು ಊಹೆ ಮಾಡುತ್ತ ಕುಳಿತರು. ಯಹೂದಿ ರಹಸ್ಯ ಪಂಥಗಳ ಆ ಮಹಾ ಪಂಡಿತರು ಇಲ್ಲವೆಂದರು.

ಅದಿರಲಿ. ಈ ಪ್ರೊಫೆಸರರು ಹೊಡೆದಾಡಿಕೊಂಡದ್ದು ಯಾತಕ್ಕೆ ಎಂದರೆ ಮುಖ್ಯವಾಗಿ ಒಂದು ಹುಟ್ಟಿದ ತಾರೀಖಿಗೆ. ಆಧುನಿಕ ಹೀಬ್ರೂ ಸಾಹಿತ್ಯ ಹುಟ್ಟಿದ್ದು ಯಾವಾಗ, ಎಲ್ಲಿ? ಕ್ಲೌಸ್ನರ್ ಜರ್ಮನಿಯ ಕಡೆ ತೋರಿಸಿದರು. 1780ರ ದಶಕ, ದಾರ್ಶನಿಕ ಮೆಂಡೆಲ್ಸೋನರ ಬಳಗ, ಯಹೂದಿ ಮಕ್ಕಳಿಗೆ ಲೌಕಿಕ ವಿದ್ಯೆಯೂ ಬೇಕು ಎಂಬ ಕರಪತ್ರಗಳು, 1784ರ ಸುಮಾರಿಗೆ ಕೋನಿಗ್ಸ್‌ಬರ್ಗಿನಲ್ಲಿ ಶುರುವಾದ ‘ಹಮೆಆಸ್ಸೆಫ್’ ಪತ್ರಿಕೆ. ದೇವರನ್ನು ಬದಿಗಿಟ್ಟು ಬರೆಯಲು ಹೊರಟ ದಿನವೇ ಆಧುನಿಕತೆಯ ದಿನ ಎಂಬ ಲೆಕ್ಕ. ಲಾಹೊವರ್ ಎಂಬ ಇನ್ನೊಬ್ಬ ಚರಿತ್ರಕಾರರು ಇಲ್ಲ, ಇಟಲಿಯ ಪಡುವಾದ ಲುತ್ಸಾತೊರಿಂದ ಎಂದರು. ಆ ಲುತ್ಸಾತೊ ಒಂದು ಕೈಯಲ್ಲಿ ನಾಟಕ ಬರೆದರೆ ಇನ್ನೊಂದರಲ್ಲಿ ರಹಸ್ಯವಿದ್ಯೆ ಬರೆದು ಹಿರಿಯರಿಂದ ಛೀಮಾರಿ ಹಾಕಿಸಿಕೊಂಡವರು. ಅವರಿಂದ ಶುರು ಮಾಡಿದರೆ ದೇವರನ್ನು ಬದಿಗಿಡುವ ಮಾತೇ ಬರುವುದಿಲ್ಲ.

ಮೂರನೆಯವರು ಬಾರೂಖ್ ಕುರ್ಜ್‌ವೈಲ್. ಬರ್-ಇಲಾನ್ ವಿಶ್ವವಿದ್ಯಾಲಯದ ಮೇಷ್ಟರು, ‘ಹಾರೆತ್ಸ್’ ಪತ್ರಿಕೆಯ ವಿಮರ್ಶಕರು. ಇವರ ಲೇಖನ ಬರುವ ದಿನ ಎಷ್ಟೋ ಲೇಖಕರಿಗೆ ಕಾಫಿ ರುಚಿಸುತ್ತಿರಲಿಲ್ಲ. 1959ರಲ್ಲಿ ಇವರು ಒಂದು ಪುಸ್ತಕದ ತಲೆಬರಹದಲ್ಲೇ ಪ್ರಶ್ನೆ ಇಟ್ಟರು: ನಮ್ಮ ಹೊಸ ಸಾಹಿತ್ಯ ಹಳೆಯದರ ಮುಂದುವರಿಕೆಯೋ, ಕ್ರಾಂತಿಯೋ? ಮುಂದುವರಿಕೆ ಎಂಬುದು ಬರೀ ಬೊಗಳೆ ಎಂದು ಅವರ ಉತ್ತರ. ಪವಿತ್ರವಾದ ಲೋಕವೊಂದು ಬರಿದಾಗಿ ನಿಂತಿದೆ, ಆ ಬರಿದುಮನೆಯಲ್ಲಿ ಎದ್ದ ದನಿಯೇ ಈ ಸಾಹಿತ್ಯ. ಪ್ರವಾದಿಗಳ ಭಾಷೆಯಲ್ಲಿ ಬರೆದ ಮಾತ್ರಕ್ಕೆ ಪ್ರವಾದಿಗಳ ವಾರಸುದಾರರಾಗುವುದಿಲ್ಲ ಎಂಬ ವಾದ. ವಾದ ಒಪ್ಪಬೇಕೆಂದಿಲ್ಲ. ಆದರೆ ಮೂವರಲ್ಲಿ ನಿದ್ದೆ ಕೆಡಿಸುವವರು ಇವರೊಬ್ಬರೇ. ಇಷ್ಟೆಲ್ಲ ಹೇಳಿದವರು ಜೀವಮಾನವೆಲ್ಲ ಬಿಡದೆ ಓದಿ ಬರೆದದ್ದು ಯಾರನ್ನು ಎಂದರೆ, ತಲೆಯ ಮೇಲೆ ಕಿಪ್ಪಾ ಟೋಪಿ ಇಟ್ಟು ದಿನವೂ ಪ್ರಾರ್ಥನೆ ಮಾಡುತ್ತಿದ್ದ ಅಗ್ನಾನರನ್ನು.

ನನಗೆ ಹೀಬ್ರೂ ಬಾರದು. ಇಂಗ್ಲಿಷಿನ ಕಿಂಡಿಯಿಂದ ಇಣುಕಿದ್ದಷ್ಟೇ ನನ್ನ ವಿದ್ಯೆ. ಆದರೂ ಹೊರಗಿನವನಿಗೆ ಒಂದು ಅನುಕೂಲ, ಜಗಳದಲ್ಲಿ ಪಾಲಿಲ್ಲದ್ದರಿಂದ ಮಜಾ ಕಾಣುತ್ತದೆ. ತಾರೀಖು ಯಾವುದಾದರೂ ಇರಲಿ, ನನಗೆ ಸೋಜಿಗ ಅನ್ನಿಸುವುದು ಬೇರೆಯೇ. ನೂರು ವರ್ಷಕ್ಕೂ ಮೇಲ್ಪಟ್ಟು ಈ ಸಾಹಿತ್ಯ ಬೆಳೆದದ್ದು ಯಾರ ಮನೆಮಾತೂ ಅಲ್ಲದ ಭಾಷೆಯಲ್ಲಿ. ಮೊದಲು ಕಾದಂಬರಿ ಬಂತು, ಆಮೇಲೆ ಆ ಭಾಷೆಯಲ್ಲಿ ಅಳುವ ಮಗು ಬಂತು.

ಲೆಕ್ಕ ಹಾಕಿ ನೋಡಿ. ಮೊದಲ ಹೀಬ್ರೂ ಕಾದಂಬರಿ ಎಂದು ಹೆಸರಾದ, ಅವ್ರಹಾಮ್ ಮಾಪು ಬರೆದ ‘ಅಹವತ್ ಜಿಯೋನ್’ 1853ರದು. ಮಾಪು ಲಿಥುವೇನಿಯದ ಕೋವ್ನೋ ಊರಿನ ಬಡ ಮೇಷ್ಟರು. ಕಾದಂಬರಿಯ ತುಂಬ ಪ್ರಾಚೀನ ಜೆರುಸಲೇಮಿನ ದ್ರಾಕ್ಷಿತೋಟಗಳು, ಅವರು ಆ ನೆಲವನ್ನು ಕಣ್ಣಿಂದ ಕಂಡವರೇ ಅಲ್ಲ. ಹಿಮ ಸುರಿಯುವ ಊರಿನಲ್ಲಿ ಯೆಶಿವಾ ಎಂಬ ಧರ್ಮಪಾಠಶಾಲೆಯ ಹುಡುಗರು ತಾಲ್ಮುದ್ ಗ್ರಂಥದ ಮರೆಯಲ್ಲಿಟ್ಟುಕೊಂಡು ಇಂಥ ಪುಸ್ತಕಗಳನ್ನು ಕದ್ದು ಓದುತ್ತಿದ್ದರು. ಇನ್ನು ಹೀಬ್ರೂವನ್ನು ಆಡುಮಾತಾಗಿಸಲು ಹೊರಟ ಎಲಿಯೆಜೆರ್ ಬೆನ್-ಯೆಹೂದಾ ಜೆರುಸಲೇಮಿಗೆ ಬಂದದ್ದು 1881ರಲ್ಲಿ. ಮರುವರ್ಷ ಹುಟ್ಟಿದ ಮಗನ ಕಿವಿಗೆ ಹೀಬ್ರೂ ಬಿಟ್ಟು ಬೇರೆ ಮಾತು ಬೀಳಕೂಡದೆಂದು ಆ ಮನುಷ್ಯ ಹಠ ಹಿಡಿದರು. ತಾಯಿ ಮರೆತು ರಷ್ಯನ್ ಜೋಗುಳ ಹಾಡಿದ್ದಕ್ಕೆ ಮನೆಯಲ್ಲಿ ರಾದ್ಧಾಂತವಾಯಿತು ಎಂದು ಕಥೆ. ಮಗು ಮಾತಾಡುವುದು ತಡವಾಯಿತು. ಆಗದೆ ಏನು? ಜೊತೆಗೆ ಆಡುವ ಇನ್ನೊಂದು ಮಗು ಊರಿನಲ್ಲೇ ಇರಲಿಲ್ಲ.

ಮೆಂಡೆಲೆ ಎಂಬ ಲೇಖಕರ ಪಾಡು ಇನ್ನೂ ಸ್ವಾರಸ್ಯದ್ದು. ಅವರು ಮೊದಲು ಹೀಬ್ರೂವಿನಲ್ಲಿ ಬರೆದರು. ಅದರಲ್ಲಿ ಜನರ ಬಾಯಿಯ ಬೈಗುಳ, ಚೌಕಾಸಿ, ಗೊಣಗಾಟ ಬರುತ್ತಿಲ್ಲವೆಂದು ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷಿಗೆ ಹೋದರು. ಅಲ್ಲಿ ದೊಡ್ಡ ಹೆಸರಾಯಿತು. 1886ರ ಹೊತ್ತಿಗೆ ಒಡೆಸ್ಸಾದಲ್ಲಿ ಕುಳಿತು ಮತ್ತೆ ಹೀಬ್ರೂವಿಗೆ ಬಂದು ತಮ್ಮ ಯಿಡ್ಡಿಷ್ ಕಾದಂಬರಿಗಳನ್ನು ತಾವೇ ಹೀಬ್ರೂವಿನಲ್ಲಿ ಹೊಸದಾಗಿ ಬರೆದರು. ಬೈಬಲಿನ ಹೀಬ್ರೂ, ಮಿಶ್ನಾದ ಹೀಬ್ರೂ, ಪ್ರಾರ್ಥನಾ ಪುಸ್ತಕದ ಹೀಬ್ರೂ, ಎಲ್ಲ ಕಾಲದ ಭಾಷೆಯನ್ನೂ ಒಂದೇ ವಾಕ್ಯದಲ್ಲಿ ಕೂರಿಸಿ ಕುದುರೆಗಾಡಿಯವನ ಬಾಯಲ್ಲಿ ಆಡಿಸಿದರು. ವಿದ್ವಾಂಸರು ಇದನ್ನೇ ಆಧುನಿಕ ಹೀಬ್ರೂ ಗದ್ಯದ ತಳಪಾಯ ಎನ್ನುತ್ತಾರೆ. ಅಮೆರಿಕದ ವಿಮರ್ಶಕ ರಾಬರ್ಟ್ ಆಲ್ಟರ್ ಇದರ ಮೇಲೆ 1988ರಲ್ಲಿ ತೆಳ್ಳನೆಯ ಪುಸ್ತಕ ಬರೆದಿದ್ದಾರೆ. ಕ್ಲೌಸ್ನರರ ಆರು ಸಂಪುಟಕ್ಕೆ ಬದಲು ಇದೊಂದನ್ನು ಓದಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ರಾಷ್ಟ್ರಕವಿ ಎನ್ನಿಸಿಕೊಂಡ ಬಿಯಾಲಿಕ್ ಮನೆಯಲ್ಲಿ ಯಿಡ್ಡಿಷ್ ಆಡುತ್ತಿದ್ದರು. 1924ರಲ್ಲಿ ಟೆಲ್ ಅವೀವಿಗೆ ಬಂದು ನೆಲೆಸಿದ ಮೇಲೆ, ಬೀದಿಯಲ್ಲಿ ಯಿಡ್ಡಿಷ್ ಆಡಿದ್ದಕ್ಕೆ ‘ಭಾಷಾ ರಕ್ಷಕರ ದಳ’ದ ಹುಡುಗರು ಅವರನ್ನೇ ತಡೆದು ಗದರಿಸಿದರು ಎಂಬ ಕಥೆಯನ್ನು ಅಲ್ಲಿ ಇಂದಿಗೂ ಹೇಳುತ್ತಾರೆ. ಹೀಬ್ರೂವಿನ ಅತಿದೊಡ್ಡ ಕವಿಗೆ ಹೀಬ್ರೂ ಮಾತಾಡು ಎಂದು ಶಾಲಾ ಹುಡುಗರು ಪಾಠ ಹೇಳುವುದು! ನಮ್ಮಲ್ಲಿ ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಗೋವಿಂದ ಪೈಗಳದು ಕೊಂಕಣಿ. ಪುಣ್ಯಕ್ಕೆ ಯಾವ ದಳವೂ ಅವರ ಅಡುಗೆಮನೆಗೆ ನುಗ್ಗಲಿಲ್ಲ.

ಆ ದಳದ ಹುಡುಗರ ಕೈ ವಿಶ್ವವಿದ್ಯಾಲಯಕ್ಕೂ ಚಾಚಿತ್ತು. 1927ರಲ್ಲಿ ನ್ಯೂಯಾರ್ಕಿನ ಯಿಡ್ಡಿಷ್ ಪತ್ರಿಕೆಯೊಂದರ ಮಾಲೀಕರು ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಯಿಡ್ಡಿಷ್ ಪೀಠಕ್ಕೆ ಹಣ ಕೊಡುತ್ತೇನೆಂದು ಮುಂದೆ ಬಂದರು. ಹಣ ಬೇಡ ಎನ್ನುವ ವಿಶ್ವವಿದ್ಯಾಲಯ ಎಲ್ಲಾದರೂ ಉಂಟೇ? ಆದರೆ ಜೆರುಸಲೇಮಿನ ಗೋಡೆಗಳ ಮೇಲೆ ಸಾವಿನ ಸೂತಕದ ಕಪ್ಪು ಅಂಚಿನ ಭಿತ್ತಿಪತ್ರಗಳು ಎದ್ದವು, ಯಿಡ್ಡಿಷ್ ಪೀಠ ಬಂದರೆ ಹೀಬ್ರೂ ವಿಶ್ವವಿದ್ಯಾಲಯದ ವಿನಾಶ ಎಂದು. ಪ್ರಸ್ತಾಪ ಬಿದ್ದುಹೋಯಿತು. ಪೀಠ ಕೊನೆಗೂ ಬಂದದ್ದು 1951ರಲ್ಲಿ. ಅಷ್ಟು ಹೊತ್ತಿಗೆ ಯುರೋಪಿನಲ್ಲಿ ಯಿಡ್ಡಿಷ್ ಆಡುತ್ತಿದ್ದ ಲಕ್ಷಾಂತರ ಜನರನ್ನು ಕೊಂದು ಮುಗಿಸಿಯಾಗಿತ್ತು. ಆಗ ಆ ಭಾಷೆಯಿಂದ ಯಾರಿಗೂ ಭಯವಿರಲಿಲ್ಲ. ಪೀಠಕ್ಕೆ ಬಂದ ದೋವ್ ಸದಾನ್ ಮಾತ್ರ ಬೇರೆ ಜಾತಿಯ ಪಂಡಿತರು. ಹೀಬ್ರೂ, ಯಿಡ್ಡಿಷ್, ಯಹೂದಿಗಳು ಅನ್ಯಭಾಷೆಗಳಲ್ಲಿ ಬರೆದದ್ದು, ಎಲ್ಲ ಸೇರಿ ಒಂದೇ ಸಾಹಿತ್ಯ ಎಂದು ಜೀವಮಾನವಿಡೀ ವಾದಿಸಿದರು.

ಹಾಗಾದರೆ ಕಾಫ್ಕಾನನ್ನೂ ಸೇರಿಸೋಣವೇ? ಬರೆದದ್ದು ಜರ್ಮನ್, ಊರು ಪ್ರಾಗ್. ಆದರೆ ಕೊನೆಯ ವರ್ಷಗಳಲ್ಲಿ ಕಾಫ್ಕಾ ಜೆರುಸಲೇಮಿನಿಂದ ಬಂದಿದ್ದ ಹುಡುಗಿಯೊಬ್ಬಳಿಂದ ಹೀಬ್ರೂ ಕಲಿತ, ನೋಟ್‌ಬುಕ್ಕಿನಲ್ಲಿ ಪದಗಳ ಪಟ್ಟಿ ಮಾಡಿದ. 1923ರಲ್ಲಿ ಬರ್ಲಿನ್ನಿನಲ್ಲಿ, ಕ್ಷಯ ಏರುತ್ತಿದ್ದಾಗ, ಬ್ರೆನ್ನರ್ ಎಂಬ ಹೀಬ್ರೂ ಲೇಖಕರ ಕೊನೆಯ ಕಾದಂಬರಿಯನ್ನು ದಿನಕ್ಕೊಂದು ಪುಟದಂತೆ ಓದುತ್ತಿದ್ದ. ಕಾದಂಬರಿಯಾಗಿ ಅಷ್ಟೇನೂ ಹಿಡಿಸುತ್ತಿಲ್ಲ ಎಂದು ಗೆಳೆಯನಿಗೆ ಬರೆದ. ದಿನಕ್ಕೊಂದೇ ಪುಟ ಓದಿದರೆ ಯಾವ ಕಾದಂಬರಿ ಹಿಡಿಸೀತು ಎಂದು ಬ್ರೆನ್ನರ್ ಕೇಳಬಹುದಿತ್ತು. ಆದರೆ ಅವರು ಎರಡು ವರ್ಷ ಹಿಂದೆಯೇ, 1921ರ ಯಾಫಾ ಗಲಭೆಯಲ್ಲಿ ಕೊಲೆಯಾಗಿದ್ದರು.

ಈಗ ಒಂದು ಸಣ್ಣ ವಿಷಯಕ್ಕೆ ಬರುತ್ತೇನೆ, ನನ್ನ ಮಟ್ಟಿಗೆ ಇದೇ ದೊಡ್ಡದು. ಹೀಬ್ರೂವನ್ನು ಉಚ್ಚರಿಸುವ ಪದ್ಧತಿ ಎರಡು. ಪೂರ್ವ ಯುರೋಪಿನ ಅಶ್ಕೆನಾಜಿ ಉಚ್ಚಾರಣೆಯಲ್ಲಿ ಒತ್ತು ಸಾಮಾನ್ಯವಾಗಿ ಪದದ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ. ಸೆಫಾರ್ದಿ ಉಚ್ಚಾರಣೆಯಲ್ಲಿ ಬಹುಮಟ್ಟಿಗೆ ಕೊನೆಯ ಅಕ್ಷರದ ಮೇಲೆ. ಬಿಯಾಲಿಕ್ ತಮ್ಮ ಬಹುಪಾಲು ಪದ್ಯಗಳನ್ನು ಕಟ್ಟಿದ್ದು ಮೊದಲನೆಯದರಲ್ಲಿ. ಪ್ಯಾಲೆಸ್ತೀನಿನ ಶಾಲೆಗಳು ಆರಿಸಿಕೊಂಡದ್ದು ಎರಡನೆಯದನ್ನು. ಪರಿಣಾಮವಾಗಿ ಇಸ್ರೇಲಿನ ಮಕ್ಕಳು ರಾಷ್ಟ್ರಕವಿಯ ಪದ್ಯಗಳನ್ನು ಓದುವುದು ಆದಿತಾಳಕ್ಕೆ ಕಟ್ಟಿದ ಕೀರ್ತನೆಯನ್ನು ರೂಪಕದಲ್ಲಿ ಹಾಡಿದ ಹಾಗೆ. ಅರ್ಥ ಉಳಿಯುತ್ತದೆ, ನಡಿಗೆ ಹೋಗುತ್ತದೆ. ಬಿಯಾಲಿಕ್ ಇದನ್ನು ಬದುಕಿದ್ದಾಗಲೇ ಕಿವಿಯಾರೆ ಕೇಳಿದರು. ಟೆಲ್ ಅವೀವಿಗೆ ಬಂದ ಮೇಲೆ ಅವರು ಬರೆದದ್ದು ಕಡಿಮೆ. ಅದಕ್ಕೆ ಸಭೆ ಸಮಾರಂಭಗಳೇ ಕಾರಣ ಎನ್ನುತ್ತಾರೆ. ನನಗೇನೋ ತಾಳ ತಪ್ಪಿದ ಕಾರಣವೂ ಇದ್ದೀತು ಎಂದು ಗುಮಾನಿ.

ಆದರೆ ಒಬ್ಬರಿಗೆ ತಪ್ಪಿದ ತಾಳ ಇನ್ನೊಬ್ಬರಿಗೆ ಸಿಕ್ಕಿತು. ದಾನ್ ಮಿರೋನ್ ಎಂಬ ವಿಮರ್ಶಕರು 1991ರ ಒಂದು ಪುಸ್ತಕದಲ್ಲಿ ಕೇಳಿದ ಪ್ರಶ್ನೆ ಇದು: ಹೀಬ್ರೂ ಕಾವ್ಯದಲ್ಲಿ 1920ರವರೆಗೆ ಹೆಣ್ಣುಗಳೇ ಇಲ್ಲ, ಆಮೇಲೆ ಇದ್ದಕ್ಕಿದ್ದಂತೆ ರಾಹೆಲ್, ಎಸ್ತೆರ್ ರಾಬ್, ಎಲಿಶೆವಾ, ಬಾತ್-ಮಿರಿಯಮ್ ಎಂದು ಒಟ್ಟೊಟ್ಟಿಗೆ ಬಂದುಬಿಟ್ಟರು, ಏಕೆ? ಹೆಣ್ಣುಮಕ್ಕಳನ್ನು ಯೆಶಿವಾಕ್ಕೆ ಕಳಿಸುತ್ತಿರಲಿಲ್ಲ. ತಾಲ್ಮುದಿನ ಸಾಲುಗಳು ಉಕ್ಕಿ ಬರುವ ಬಿಯಾಲಿಕ್ ಶೈಲಿ ಅವರಿಂದ ಆಗುವ ಮಾತಲ್ಲ, ಆ ಶೈಲಿ ಬಾರದವರನ್ನು ಕವಿಗಳೆಂದು ಯಾರೂ ಗಣಿಸುತ್ತಿರಲಿಲ್ಲ. ಯಾವಾಗ ಬೀದಿಯ ಉಚ್ಚಾರಣೆ, ಬೀದಿಯ ಸರಳ ಮಾತು ಕಾವ್ಯಕ್ಕೂ ಬಂತೋ, ಆಗ ಹಳೆಯ ವಿದ್ಯೆಯ ಭಾರವಿಲ್ಲದವರಿಗೇ ಹಾದಿ ಸಲೀಸಾಯಿತು. ಅವರ ಕಲಿಯದಿರುವಿಕೆಯೇ ಬಂಡವಾಳವಾಯಿತು. ಮಿರೋನರ ವಾದದ ಎಲ್ಲ ವಿವರಗಳನ್ನೂ ಮಹಿಳಾ ವಿಮರ್ಶಕರು ಒಪ್ಪಿಲ್ಲ, ನಡುನಡುವೆ ಗಂಡಸಿನ ಧಿಮಾಕು ಇಣುಕುವುದೂ ನಿಜ. ಆದರೂ ಒಂದು ಅಕ್ಷರದ ಒತ್ತು ಸರಿದರೆ ಸಮಾಜದ ಅರ್ಧ ಭಾಗ ಒಳಗೆ ಬರಬಹುದು ಎಂದು ತೋರಿಸಿದ ವಿಮರ್ಶೆಗೆ ನಾನು ಕೈಮುಗಿಯುತ್ತೇನೆ.

ಈ ಪಟ್ಟಿಯ ಎಲಿಶೆವಾ ಯಾರು ಗೊತ್ತೇ? ರಷ್ಯನ್ ಕ್ರೈಸ್ತ ಹೆಣ್ಣುಮಗಳು. ಹುಟ್ಟುಹೆಸರು ಯೆಲಿಜವೇತಾ ಜಿರ್ಕೋವಾ. ಭಾಷೆಯ ಮೋಹಕ್ಕೆ ಹೀಬ್ರೂ ಕಲಿತು, ಯಹೂದಿಯೊಬ್ಬರನ್ನು ಮದುವೆಯಾಗಿ, ಮತಾಂತರವಾಗದೆ, 1925ರಲ್ಲಿ ಪ್ಯಾಲೆಸ್ತೀನಿಗೆ ಬಂದರು. ಮೊದಮೊದಲು ಎಲ್ಲೆಲ್ಲೂ ಸನ್ಮಾನ. ಗಂಡ ತೀರಿಕೊಂಡ ಮೇಲೆ ಬಡತನ. 1949ರಲ್ಲಿ ಸತ್ತಾಗ, ಯಹೂದಿಯಲ್ಲದವರನ್ನು ಎಲ್ಲಿ ಹೂಳುವುದು ಎಂಬ ತಕರಾರು. ಕೊನೆಗೆ ಗಲಿಲೀ ಸರೋವರದ ದಡದ ಕಿನ್ನೆರೆತ್ ಸ್ಮಶಾನದಲ್ಲಿ, ರಾಹೆಲ್ ಸಮಾಧಿ ಇರುವಲ್ಲೇ, ಜಾಗ ಸಿಕ್ಕಿತು. ರಾಹೆಲ್ ಸಮಾಧಿಯ ಪಕ್ಕದಲ್ಲಿ ಒಂದು ಲೋಹದ ಪೆಟ್ಟಿಗೆಯಲ್ಲಿ ಅವರ ಕವನ ಪುಸ್ತಕವನ್ನು ಸರಪಳಿ ಹಾಕಿ ಇಟ್ಟಿದ್ದಾರೆ. ಬಂದವರು ಕಲ್ಲುಬೆಂಚಿನ ಮೇಲೆ ಕೂತು ಓದಿ, ಮತ್ತೆ ಅಲ್ಲೇ ಇಟ್ಟು ಹೋಗುತ್ತಾರೆ. ಎಲಿಶೆವಾ ಅವರ ಪುಸ್ತಕಕ್ಕೆ ಸರಪಳಿಯ ಅಗತ್ಯ ಬಿದ್ದಿಲ್ಲ, ಕದಿಯುವಷ್ಟು ಓದುಗರಿಲ್ಲ.

ರಾಹೆಲ್ ಇನ್ನೊಂದು ಕಡೆಯೂ ಇದ್ದಾರೆ, 20 ಶೆಕೆಲ್ ನೋಟಿನ ಮೇಲೆ. 50ರ ಮೇಲೆ ಚೆರ್ನಿಕೋವ್‌ಸ್ಕಿ, 100ರ ಮೇಲೆ ಲಿಯಾ ಗೋಲ್ಡ್‌ಬರ್ಗ್, 200ರ ಮೇಲೆ ಆಲ್ಟರ್ಮನ್. ಚಲಾವಣೆಯ ನಾಲ್ಕು ನೋಟುಗಳಲ್ಲೂ ನಾಲ್ವರು ಕವಿಗಳು! ಕವಿಯ ಕೈಯಲ್ಲಿ ನೋಟಿಲ್ಲದಿದ್ದರೂ ನೋಟಿನ ಮೇಲೆ ಕವಿಯಿರುವ ದೇಶ. ಇವು 2014ರಿಂದ 2017ರೊಳಗೆ ಹೊರಬಂದವು. ಇದರಲ್ಲಿ ಗೋಲ್ಡ್‌ಬರ್ಗ್ ಬಾನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದವರು, ಹೀಬ್ರೂ ವಿಶ್ವವಿದ್ಯಾಲಯದ ತೌಲನಿಕ ಸಾಹಿತ್ಯ ವಿಭಾಗ ಕಟ್ಟಿದವರು, ಮಕ್ಕಳ ಪದ್ಯ ಬರೆದದ್ದರಿಂದ ಮನೆಮನೆಗೂ ಗೊತ್ತಿರುವವರು. ಅಂತೂ ಸಾಹಿತ್ಯದ ಪ್ರೊಫೆಸರರೊಬ್ಬರ ಮುಖ ನೋಟಿಗೆ ಬಂತು. ಆದರೆ ನಾಲ್ವರ ಪಟ್ಟಿ ಹೊರಬಿದ್ದ ಕೂಡಲೇ ಗಲಾಟೆ ಎದ್ದಿತು. ನಾಲ್ವರೂ ಯುರೋಪಿನಿಂದ ಬಂದ ಅಶ್ಕೆನಾಜಿಗಳು. ಬಾಗ್ದಾದಿನಿಂದ, ಮೊರೊಕ್ಕೊದಿಂದ, ಯೆಮೆನ್‌ನಿಂದ ಬಂದ ಯಹೂದಿಗಳಲ್ಲಿ ಕವಿಗಳೇ ಹುಟ್ಟಲಿಲ್ಲವೇ ಎಂಬ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದು. ಪ್ರೊಫೆಸರರ ಸಾಹಿತ್ಯ ಚರಿತ್ರೆಗಳಲ್ಲೂ ಕಥೆ ಸಾಗುವುದು ಬರ್ಲಿನ್, ವಿಲ್ನಾ, ಒಡೆಸ್ಸಾ, ವಾರ್ಸಾ, ಟೆಲ್ ಅವೀವ್ ಎಂದು. ಆ ದಾರಿಯಲ್ಲಿ ಬಾಗ್ದಾದ್ ಬರುವುದಿಲ್ಲ. ಅಲ್ಲಿಂದ 1951ರ ಆಸುಪಾಸು ವಲಸೆ ಬಂದ ಲೇಖಕರಿಗೆ ಅರಬ್ಬಿ ಮನೆಮಾತು, ಅರಬ್ಬಿಯೇ ಸಾಹಿತ್ಯ ಭಾಷೆ, ಅದೇ ಹೊಸ ದೇಶದಲ್ಲಿ ಶತ್ರುಗಳ ಭಾಷೆ. ಶಿಮೋನ್ ಬಲ್ಲಾಸ್ ಡೇರೆ ಶಿಬಿರದ ಬದುಕಿನ ಕಾದಂಬರಿಯನ್ನು ಅರಬ್ಬಿಯಲ್ಲಿ ಶುರು ಮಾಡಿ, ಕೈಬಿಟ್ಟು, 1964ರಲ್ಲಿ ಹೀಬ್ರೂವಿನಲ್ಲಿ ತಂದರು. ಸಾಮಿ ಮಿಖಾಯೆಲ್ ಜಲಶಾಸ್ತ್ರದ ನೌಕರಿ ಮಾಡುತ್ತ ಹೀಬ್ರೂ ಪಳಗಿಸಿಕೊಂಡು 1974ರಲ್ಲಿ ಮೊದಲ ಕಾದಂಬರಿ ಕೊಟ್ಟರು. ಮುಂದೆ ನಗೀಬ್ ಮಹ್‌ಫೂಜರ ಕೈರೋ ಕಾದಂಬರಿತ್ರಯವನ್ನು ಹೀಬ್ರೂವಿಗೆ ತಂದರು. ಸಮೀರ್ ನಕ್ಕಾಶ್ ಮಾತ್ರ ಜಪ್ಪಯ್ಯ ಎನ್ನಲಿಲ್ಲ. 13ನೇ ವಯಸ್ಸಿಗೆ ಬಂದು, 2004ರಲ್ಲಿ ಸಾಯುವವರೆಗೆ, ಹೆಚ್ಚುಕಾಲ ಇಸ್ರೇಲಿನಲ್ಲಿ ಕುಳಿತು, ಅರಬ್ಬಿಯಲ್ಲೇ ಬರೆದರು. ಅದೂ ಎಂಥ ಅರಬ್ಬಿ! ಪಾತ್ರಗಳು ಆಡುವುದು ಬಾಗ್ದಾದಿನ ಯಹೂದಿ ಕೇರಿಯ ಮಾತು. ಅದು ಬೇರೆ ಅರಬ್ಬರಿಗೂ ಅರ್ಥವಾಗದು. ಅದಕ್ಕೆ ಪುಟದ ಕೆಳಗೆ ಶಿಷ್ಟ ಅರಬ್ಬಿಯಲ್ಲಿ ಅಡಿಟಿಪ್ಪಣಿ. ಕಥೆಗಿಂತ ಟಿಪ್ಪಣಿ ಮೇಲೇರಿ ಬರುವ ಪುಟಗಳೂ ಇವೆಯಂತೆ. ಪಂಡಿತರು ಮಾಡಬೇಕಾದ ಕೆಲಸವನ್ನು ಕಾದಂಬರಿಕಾರರೇ ಮಾಡಿಕೊಂಡರು, ಆ ಕೇರಿಯೇ ಇಲ್ಲವಾದ ಮೇಲೆ ಪಂಡಿತರಿಗೂ ಅದನ್ನು ಕೇಳಿ ತಿಳಿಯುವ ದಾರಿ ಇರಲಿಲ್ಲವಲ್ಲ.

ಯಹೂದಿಗಳ ಅರಬ್ಬಿ ಎಂದ ಕೂಡಲೇ ನನಗೆ ನಮ್ಮ ಮಂಗಳೂರು ನೆನಪಾಗುತ್ತದೆ. ನಗಬೇಡಿ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಸಿಯ ಕಡೆಯ ಯಹೂದಿ ವರ್ತಕ 1132ರ ಸುಮಾರಿನಿಂದ 1149ರವರೆಗೆ ಮಂಗಳೂರು ಸೀಮೆಯಲ್ಲಿದ್ದ. ಅಡಕೆ, ಮೆಣಸು, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ, ಹಳೆಯ ತಾಮ್ರ ತರಿಸಿ ಹಿತ್ತಾಳೆ ಪಾತ್ರೆ ಮಾಡಿಸುತ್ತಿದ್ದ, ಆಶು ಎಂಬ ಇಲ್ಲಿನ ದಾಸಿಯನ್ನು ಬಿಡುಗಡೆ ಮಾಡಿ ಕೈಹಿಡಿದ. ಏಡನ್‌ನಿಂದ ಅವನಿಗೆ ಬರುತ್ತಿದ್ದ ಸಾಮಾನಿನಲ್ಲಿ ಸಕ್ಕರೆ, ಒಣದ್ರಾಕ್ಷಿಯ ಜೊತೆ ಬರೆಯುವ ಕಾಗದ. ಆ ಕಾಗದಪತ್ರಗಳೆಲ್ಲ ಕೊನೆಗೆ ಸೇರಿದ್ದು ಕೈರೋದ ಸಿನಗಾಗಿನ ಕೋಣೆಗೆ. ಹೀಬ್ರೂ ಅಕ್ಷರದ ಅರಬ್ಬಿ ಪತ್ರಗಳು, ಅವುಗಳ ನಡುವೆ ಬೆನ್ ಯಿಜು ಸ್ವತಃ ಬರೆದ ಹೀಬ್ರೂ ಪದ್ಯಗಳು. ಅವನ್ನು ಓದಿ ಹೊಂದಿಸಿದವರು ಹೀಬ್ರೂ ವಿಶ್ವವಿದ್ಯಾಲಯದ ಎಸ್. ಡಿ. ಗೋಯ್ಟೈನ್. ಅವರು 1923ರಲ್ಲಿ ಶೋಲೆಮ್ ಬಂದ ಹಡಗಿನಲ್ಲೇ ಪ್ಯಾಲೆಸ್ತೀನಿಗೆ ಬಂದವರು, 1927ರಲ್ಲಿ ಒಂದು ಹೀಬ್ರೂ ನಾಟಕವನ್ನೂ ಬರೆದವರು. ಆ ಪತ್ರಗಳಲ್ಲಿ ಸುಳಿಯುವ ಆಳು ‘ಬೊಮ್ಮ’ನ ಜಾಡು ಹಿಡಿದು ಅಮಿತಾವ್ ಘೋಷ್ ಮಂಗಳೂರಿಗೆ ಬಂದಾಗ, ಹೆಸರಿನ ತುಳುಬೇರು ತೋರಿಸಿದವರು ಬಿ. ಎ. ವಿವೇಕ ರೈ. ಆದ್ದರಿಂದ ಕರಾವಳಿಯಲ್ಲಿ ಕೂತು ಪದ್ಯ ಹೊಸೆದ ಈ ಅಡಕೆ ವ್ಯಾಪಾರಿಯನ್ನು ಯಾವ ಸಾಹಿತ್ಯಕ್ಕೆ ಸೇರಿಸುವುದು ಎಂದು ಪ್ರೊಫೆಸರರು ಜಗಳಕ್ಕೆ ಕೂತರೆ, ನಮ್ಮ ಕಡೆಯಿಂದಲೂ ಒಬ್ಬರನ್ನು ಕಳಿಸಬೇಕು.

ಇಲ್ಲಿಗೆ ಬಂದ ಮೇಲೆ ಕೊನೆಯದೊಂದು ಜಗಳ ಹೇಳದೆ ಬಿಡಲಾಗದು. 1966ರಲ್ಲೇ ಅತಲ್ಲಾ ಮನ್ಸೂರ್ ಎಂಬ ಅರಬ್ ಪತ್ರಕರ್ತರು ಹೀಬ್ರೂವಿನಲ್ಲಿ ಕಾದಂಬರಿ ಬರೆದಿದ್ದರು, ಪಂಡಿತರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. 1986ರಲ್ಲಿ ಅಂತೋನ್ ಶಮ್ಮಾಸರ ‘ಅರಬೆಸ್ಕ್’ ಬಂದಾಗ ಕೆಡಿಸಿಕೊಳ್ಳಲೇಬೇಕಾಯಿತು. ಗಲಿಲೀಯ ಫಸ್ಸೂತಾ ಎಂಬ ಹಳ್ಳಿಯ ಕ್ರೈಸ್ತ ಅರಬ್ಬರ ಮನೆತನದ ಕಥೆ, ಬರೆದದ್ದು ಅಗ್ನಾನರನ್ನು ಅರೆದು ಕುಡಿದಂಥ ಹೀಬ್ರೂವಿನಲ್ಲಿ. ಹೀಬ್ರೂ ಇನ್ನು ಯಹೂದಿಗಳ ಸೊತ್ತಲ್ಲ, ಅದನ್ನು ಬಳಸುವ ಎಲ್ಲರದು, ಇಸ್ರೇಲಿ ಎಂದರೆ ನಾನೂ ಸೇರಬೇಕು ಎಂಬ ಹಕ್ಕೊತ್ತಾಯ ಶಮ್ಮಾಸರದು. ಅವರಿಗೆ ಎದುರಾಗಿ ನಿಂತವರು ಎ. ಬಿ. ಯೆಹೋಶುವಾ. ಹೈಫಾ ವಿಶ್ವವಿದ್ಯಾಲಯದ ಸಾಹಿತ್ಯದ ಪ್ರೊಫೆಸರ್, ದೊಡ್ಡ ಕಾದಂಬರಿಕಾರ, ಪ್ಯಾಲೆಸ್ತೀನಿಯರಿಗೆ ರಾಜ್ಯ ಕೊಡಬೇಕೆನ್ನುತ್ತಿದ್ದ ಉದಾರವಾದಿ, ತಾಯಿ ಮೊರೊಕ್ಕೊದವರು. ನಿನಗೆ ಪೂರ್ಣ ಪ್ಯಾಲೆಸ್ತೀನಿ ಅಸ್ಮಿತೆ ಬೇಕಿದ್ದರೆ ಗಂಟುಮೂಟೆ ಕಟ್ಟಿಕೊಂಡು ನೂರು ಮೀಟರ್ ಪೂರ್ವಕ್ಕೆ ಹೋಗು, ಅಲ್ಲಿ ನಿನ್ನ ರಾಜ್ಯವಾಗುತ್ತದೆ ಎಂಬ ಧಾಟಿಯಲ್ಲಿ ಅವರು ಬರೆದರು. ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಹೊಗೆಯಾಡಿತು. ಶಮ್ಮಾಸ್ ಪೂರ್ವಕ್ಕೆ ಹೋಗಲಿಲ್ಲ, ಪಶ್ಚಿಮಕ್ಕೆ, ಅಮೆರಿಕದ ಮಿಶಿಗನ್‌ಗೆ ಹೋದರು. ಎರಡನೇ ಹೀಬ್ರೂ ಕಾದಂಬರಿ ಬರಲಿಲ್ಲ. ಆಮೇಲೆ ಬಂದ ಸೈಯದ್ ಕಶುವಾ ಹೀಬ್ರೂವಿನಲ್ಲೇ ಕಾದಂಬರಿ, ಅಂಕಣ, ಟೀವಿ ಹಾಸ್ಯ ಧಾರಾವಾಹಿ ಬರೆದು ಮನೆಮಾತಾದರು. ಅವರೂ 2014ರಲ್ಲಿ ಅಮೆರಿಕಕ್ಕೆ ಹೊರಟುಹೋದರು.

ಯಾರ ಮನೆಮಾತೂ ಆಗಿಲ್ಲದಾಗ ಕೋವ್ನೋದ ಮೇಷ್ಟರು, ರಷ್ಯನ್ ಹೆಣ್ಣುಮಗಳು ಆರಿಸಿಕೊಂಡು ಕಲಿತು ಬರೆದ ಭಾಷೆಯನ್ನು ಫಸ್ಸೂತಾದವರು ಆರಿಸಿಕೊಂಡರೆ ಬೇಡವೆನ್ನಲು ಯಾವ ಕಾನೂನಿದೆ ಎಂದು ನನ್ನ ತಕರಾರು. ಯೆಹೋಶುವಾ ಅವರಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಶಮ್ಮಾಸರ ಪುಸ್ತಕಕ್ಕಿಂತ ಒಂಬತ್ತು ವರ್ಷ ಮೊದಲು, 1977ರಲ್ಲಿ, ‘ಪ್ರೇಮಿ’ ಎಂಬರ್ಥದ ಹೆಸರಿನ ಅವರ ಕಾದಂಬರಿಯಲ್ಲಿ ನಯೀಮ್ ಎಂಬ ಅರಬ್ ಹುಡುಗ ಬರುತ್ತಾನೆ, ಹೈಫಾದ ಗ್ಯಾರೇಜಿನಲ್ಲಿ ಕೆಲಸಕ್ಕಿರುವವನು. ಯಜಮಾನನ ಮನೆಗೆ ಹೋದಾಗ ಬಿಯಾಲಿಕ್ ಪದ್ಯವನ್ನು ಆತ ಬಾಯಿಪಾಠ ಒಪ್ಪಿಸುತ್ತಾನೆ, ಯಜಮಾನ ಬೆರಗಾಗುತ್ತಾನೆ. ಎಲ್ಲಿ ಕಲಿತೆಯೋ ಎಂದರೆ, ಶಾಲೆಯಲ್ಲಿ.